ಲ್ಯೂಕ್ ಪರ್ಸೆಲನ ಹೆಸರಿನಲ್ಲಿ

ಹಡಗಿನ ಕಚೇರಿಯ ಬಾಗಿಲಿಗೆ ಅಂಟಿಸಿದ್ದ ಸತ್ತವರ ಪಟ್ಟಿಯಲ್ಲಿ ಒಂಬತ್ತನೆಯ ಹೆಸರು ಲ್ಯೂಕ್ ಪರ್ಸೆಲ್, ಫೈರ್‌ಮನ್ ಎಂದಿತ್ತು. ಅದೇ ಹೊತ್ತಿಗೆ ಲ್ಯೂಕ್ ಪರ್ಸೆಲ್ ಬಂದರಿನ ಬಳಿಯ ರಿಂಗ್ಸೆಂಡಿನ ತನ್ನ ಮನೆಯಲ್ಲಿ, ಎದೆಗೆ ಸಾಸಿವೆ ಪಟ್ಟು ಹಾಕಿಸಿಕೊಂಡು, ಚಹಾಕ್ಕೆ ಸಕ್ಕರೆ ಸಾಲದೆಂದು ಹೆಂಡತಿಯ ಮೇಲೆ ರೇಗುತ್ತಿದ್ದ.

ಅವನ ಹೆಸರಿನಲ್ಲಿ ಹಡಗು ಹತ್ತಿದವನು ಪಕ್ಕದ ಮನೆಯ ಕ್ರಿಸ್ಟಿ ಟಾಲನ್.

ಹಡಗಿನ ಫೈರ್‌ಮನ್ ಬೆಂಕಿ ಆರಿಸುವವನಲ್ಲ, ಆರದಂತೆ ಕಾಯುವವನು. ಕ್ರಿಸ್ಟಿ ಹದಿನಾರು ವರ್ಷ ಹಡಗಿನ ಹೊಟ್ಟೆಯಲ್ಲಿ ನಿಂತು, ಬಾಯ್ಲರಿನ ಹೊಟ್ಟೆಗೆ ಕಲ್ಲಿದ್ದಲು ಸುರಿದು, ಮನೆಯ ನಾಲ್ಕು ಹೊಟ್ಟೆ ತುಂಬಿಸಿದ್ದ. ಅವನ ಕೈ ಸಲಿಕೆಗೆ ಎಷ್ಟು ಒಗ್ಗಿತ್ತೋ ಬಾಯಿ ಅನುಕರಣೆಗೆ ಅಷ್ಟೇ ಒಗ್ಗಿತ್ತು. ಮೀನಿನವಳ ಕೂಗು, ಪಾದ್ರಿಯ ಕೆಮ್ಮು, ತನ್ನ ಅತ್ತೆಯ ಗೊರಕೆ, ಯಾವುದನ್ನೂ ಬಿಟ್ಟವನಲ್ಲ. ಹೋದ ಶರತ್ಕಾಲದಲ್ಲಿ ಎಂಜಿನ್ ಕೋಣೆಯಲ್ಲಿ, ಮೇಲಿಂದ ಅಪ್ಪಣೆ ಬರುವ ಕೊಳವೆಯ ಪಕ್ಕ ಅಡಗಿ ಕೂತು, ಕ್ಯಾಪ್ಟನ್ನನ ಸ್ಕಾಟ್ಲೆಂಡ್ ಗಂಟಲಿನಲ್ಲಿ, "ಎಂಜಿನ್ ನಿಲ್ಸಯ್ಯ, ನನ್ನ ಟೋಪಿ ನೀರಿಗೆ ಬಿತ್ತು" ಎಂದುಬಿಟ್ಟ. ಎಂಜಿನಿಯರ್ ನಿಲ್ಲಿಸಿಯೂಬಿಟ್ಟ. ಹಡಗೆಲ್ಲ ನಕ್ಕಿತು, ಕ್ಯಾಪ್ಟನ್ ನಗಲಿಲ್ಲ. ಕ್ರಿಸ್ಟಿಯ ಸರ್ವಿಸ್ ಪುಸ್ತಕದಲ್ಲಿ ನಡತೆ ಎಂಬಲ್ಲಿ 'ಹೇಳಲು ಇಚ್ಛಿಸುವುದಿಲ್ಲ' ಎಂದು ಬರೆದ. ಆ ಎರಡು ಪದ ಇರುವ ಪುಸ್ತಕ ಹಿಡಿದವನನ್ನು ಯಾವ ಹಡಗೂ ಹತ್ತಿಸಿಕೊಳ್ಳುವುದಿಲ್ಲ.

ಫೆಬ್ರವರಿಯಲ್ಲಿ ಲ್ಯೂಕನ ಎದೆಗೆ ನೀರು ಬಂದಿತು. ಅವನ ಪುಸ್ತಕ ಮಾತ್ರ ಶುಭ್ರವಾಗಿತ್ತು.

"ತಗೊಂಡ್ಹೋಗು. ನೀನು ವಾಪಸ್ ಬರೋ ಹೊತ್ಗೆ ನಾನು ಎದ್ದಿರ್ತೀನಿ," ಎಂದಿದ್ದ ಲ್ಯೂಕ್. ಆ ಬೀದಿಯಲ್ಲಿ ಪುಸ್ತಕ ಎರವಲು ಕೊಡುವುದು ಸೌಟು ಎರವಲು ಕೊಟ್ಟಷ್ಟೇ ಸಲೀಸು.

ಹೊರಡುವ ಬೆಳಿಗ್ಗೆ ಕ್ರಿಸ್ಟಿ ಬಾಗಿಲಲ್ಲಿ ನಿಂತು, ಲ್ಯೂಕನ ಹಾಗೆಯೇ ಉಸಿರೆಳೆಯುತ್ತ, "ಟಾಲನ್ ಅಮ್ಮಾವ್ರೇ, ನಿಮ್ ಯಜಮಾನ್ರು ಮನೇಲಿಲ್ವಾ?" ಎಂದು ತನ್ನ ಹೆಂಡತಿಯನ್ನೇ ಕೇಳಿದ. ಡೀಲಿಯಾ ಒದ್ದೆ ಬಟ್ಟೆಯಿಂದ ಅವನ ಬೆನ್ನಿಗೆ ಒಂದು ಬಿಟ್ಟಳು. "ಇಲ್ಲ, ಹಾಳಾಗ್ ಹೋಗಿದಾನೆ" ಎಂದಳು.

ಐದನೆಯ ದಿನ ಅವನು ಹತ್ತಿದ್ದ ಹಡಗು 'ಗ್ಲೆನ್‌ಮೋರಾ' ಮ್ಯಾನ್ ದ್ವೀಪದಾಚೆಯ ಬಿರುಗಾಳಿಯಲ್ಲಿ ಕಲ್ಲಿದ್ದಲಿನ ಸಮೇತ ಮುಳುಗಿತು. ಸಿಕ್ಕಿದ್ದು ಎರಡು ಹೆಣ, ಒಂದು ಬರಿದಾದ ದೋಣಿ. ಎರಡರಲ್ಲಿ ಯಾವುದೂ ಕ್ರಿಸ್ಟಿಯದಲ್ಲ.

ಸುದ್ದಿ ಬಂದ ಮರುದಿನ ಲ್ಯೂಕ್ ಗೋಡೆ ಹಿಡಿದುಕೊಂಡು ಡೀಲಿಯಾಳ ಮನೆಗೆ ಬಂದ. "ಕಚೇರಿಗೆ ಹೋಗ್ತೀನಿ. ನಾನು ಬದ್ಕಿದೀನಿ, ಹೋದೋನು ಕ್ರಿಸ್ಟಿ ಅಂತ ಹೇಳ್ಬಿಡ್ತೀನಿ. ಜೈಲಿಗೆ ಹಾಕ್ಲಿ."

ಡೀಲಿಯಾ ಆಲೂಗಡ್ಡೆ ಸುಲಿಯುತ್ತಿದ್ದಳು. "ಇನ್ನೊಂದು ದೋಣಿ ಸಿಕ್ಕಿಲ್ವಲ್ಲ ಲ್ಯೂಕ್. ಯಾವ್ದಾದ್ರೂ ಹಡಗು ಎತ್ಕೊಂಡಿರತ್ತೆ. ಬ್ರೆಜಿಲ್‌ಗೋ ಎಲ್ಲಿಗೋ ಹೋಗ್ತಿರೋ ಹಡಗು. ನಾಳೆ ನಮ್ಮವ್ರು ನಿನ್ ಪುಸ್ತಕ ಹಿಡ್ಕೊಂಡು ಇಳಿದಾಗ, ನೀನು ಮೊದ್ಲೇ ಹೋಗಿ ಬಾಯಿ ಬಿಟ್ಟಿದ್ರೆ? ಬದುಕಿ ಬಂದೋರು ನೇರ ಜೈಲಿಗೆ. ಸ್ವಲ್ಪ ದಿನ ಸುಮ್ನಿರು."

ಲ್ಯೂಕ್ ಬಂದ ಹಾಗೆಯೇ ಗೋಡೆ ಹಿಡಿದು ಮರಳಿದ. ಅವಳು ಗಂಡನ ಬದಲು ಕೇಳುತ್ತಿರುವುದು ಬರೀ ಸ್ವಲ್ಪ ದಿನ.

ಹೀಗೆ ಲ್ಯೂಕ್ ಸತ್ತು ಮನೆಯಲ್ಲಿ ಕೂತ. ಕಿಟಕಿಗೆ ಪರದೆ ಬಿತ್ತು. ಅವನ ಹೆಂಡತಿ ನ್ಯಾನ್ ಕರಿ ಶಾಲು ಹೊದ್ದು ಸಂತಾಪ ಸ್ವೀಕರಿಸಿದಳು, ಬಂದವರು ಕೊಟ್ಟ ಬನ್ನನ್ನು ಸತ್ತವನಿಗೇ ತಿನ್ನಿಸಿದಳು. ಬೀದಿಗೆಲ್ಲ ಗೊತ್ತಿತ್ತು, ಆದರೆ ಗರಿಗರಿ ಕಾಲರ್ ಹಾಕಿದವರು ಯಾರು ಬಂದರೂ, ಪಾದ್ರಿಯಾಗಲಿ ಪೊಲೀಸನಾಗಲಿ, ಬೀದಿ ತುಟಿ ಹೊಲಿದುಕೊಳ್ಳುತ್ತಿತ್ತು.

ಎರಡು ವಾರವಾಯಿತು, ನಾಲ್ಕಾಯಿತು. ಲ್ಯೂಕನ ಎದೆ ವಾಸಿಯಾಯಿತು, ಮನಸ್ಸು ಹದಗೆಟ್ಟಿತು.

ನ್ಯಾನ್ ಒಂದು ದಿನ ಕೊಳಾಯಿಯ ಹತ್ತಿರ ತಡೆಯಲಾರದೆ ಹೇಳಿದಳು: "ಡೀಲಿಯಾ, ಸತ್ತ ಗಂಡನ್ನ ಸಾಕೋದು ಎಷ್ಟು ಕಷ್ಟ ಗೊತ್ತೇನೇ? ಬದ್ಕಿದ್ದಾಗ ಹಡಗಿಗಾದ್ರೂ ಹೋಗ್ತಿದ್ದ. ಈಗ ದಿನಪೂರ್ತಿ ಕಾಲಡಿಗೇ ಇರ್ತಾನೆ." ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡಳು. ಕೊಡ ಎತ್ತಿಕೊಳ್ಳುತ್ತ, "ಇವ್ನು ಬದ್ಕಿದಾನೆ ಅಂತ ಊರಲ್ಲಿರೋ ಅವನಮ್ಮಂಗಾದ್ರೂ ತಿಳಿಸ್ತೀವಿ ಕಣೇ" ಎಂದಳು.

"ಅವ್ರಿಗೆ ಓದಕ್ಕೆ ಬರತ್ತಾ?"

"ಇಲ್ಲ. ಪೋಸ್ಟಿನವಳು ಓದಿ ಹೇಳ್ತಾಳೆ."

"ಅವಳು ಓದಿದ್ರೆ ಊರೇ ಓದಿದ ಹಾಗೆ. ಬೇಡ ನ್ಯಾನ್. ಅಷ್ಟು ದೂರ ಈ ಸುದ್ದಿ ಹೋಗಲ್ಲ."

ಡೀಲಿಯಾ ನೀರು ಹೊತ್ತು ಮನೆಗೆ ಬಂದಳು. ಕ್ರಿಸ್ಟಿಗೆ ಜೈಲಾಗಬಹುದೆಂಬ ಭಯ ಅವಳಿಗೂ ಎಂದೋ ಹೋಗಿತ್ತು. ಆದರೆ ಆ ಬಾಗಿಲಿನ ಪಟ್ಟಿಯಲ್ಲಿ ಹದಿನಾಲ್ಕು ಹೆಸರಿದ್ದವು, ಅದರಲ್ಲಿ ತನ್ನ ಗಂಡನದಿರಲಿಲ್ಲ. ಪ್ರತಿ ಗುರುವಾರ ಹೋಗಿ ಮೇಲಿನಿಂದ ಕೆಳಗೆ ಓದಿ, ಇಲ್ಲವೆಂದು ಖಾತ್ರಿ ಮಾಡಿಕೊಂಡು ಬರುತ್ತಿದ್ದಳು. ಲ್ಯೂಕ್ ಎದ್ದು ಹೊರಗೆ ಬಂದ ದಿನ ಕ್ರಿಸ್ಟಿ ಸಾಯುತ್ತಾನೆ. ಅದಕ್ಕೇ ಅವಳು ಲ್ಯೂಕನ ಕಿಟಕಿಗೆ ಪರದೆ ಎಳೆಸಿದ್ದಳು. ಅತ್ತೆ ಮಾವ ಸತ್ತಾಗ ಮನೆಗೆ ಬಂದು ರಾತ್ರಿಯೆಲ್ಲ ಕೂತಿದ್ದ ಹೆಂಗಸರನ್ನು ಈ ಸಲ ಹೊಸ್ತಿಲು ದಾಟಲು ಬಿಟ್ಟಿರಲಿಲ್ಲ.

ಐದನೆಯ ವಾರ, ಮಧ್ಯಾಹ್ನದ ಊಟದ ಹೊತ್ತಿಗೆ, ಅವಳ ಬಾಗಿಲು ಬಡಿದ ಸದ್ದಾಯಿತು. ಮಂಡಿಯವರೆಗೆ ಕೆಸರಾದ ಒಬ್ಬ ಮುದುಕಿ ನಿಂತಿದ್ದಳು, ಕೈಯಲ್ಲಿ ಜಪಸರ, ಕಣ್ಣು ಎರಡು ಹುಣ್ಣಿನಂತೆ.

"ಲ್ಯೂಕ್ ಪರ್ಸೆಲ್ ಮನೆ ಇದೇ ಏನಮ್ಮಾ? ನಾನು ಅವನ ತಾಯಿ. ವೆಕ್ಸ್‌ಫರ್ಡ್ ಕಡೆಯಿಂದ ಬಂದೆ. ಯಾರೋ ಪೇಪರಲ್ಲಿ ಮೀನು ಕಟ್ಟಿ ಕೊಟ್ಟಿದ್ರು. ಪೇಪರಲ್ಲಿ ನನ್ ಮಗನ ಹೆಸರಿದೆ ಅಂತ ಪಕ್ಕದ್ಮನೆ ಹುಡುಗಿ ಓದಿದ್ಳು. ರೈಲಲ್ಲಿ ಕೂತಾಗ್ಲಿಂದ ಅಳ್ತಾ ಬಂದೆ. ಇಳಿಯೋ ಹೊತ್ಗೆ ಕಣ್ಣೇ ಕಾಣ್ತಿರ್ಲಿಲ್ಲ, ಬಾಗಿಲು ತಪ್ಪಿದ್ನೇನೋ."

ಡೀಲಿಯಾ ಆ ಮುದುಕಿಯ ಮುಖ ನೋಡಿದಳು. ಒಂದು ತಿಂಗಳಿನಿಂದ ತಾನು ತನ್ನ ಮುಖಕ್ಕೆ ಬಾರದಂತೆ ತಡೆದಿಟ್ಟದ್ದೆಲ್ಲ ಅಲ್ಲಿತ್ತು. ಅವಳ ಮೊಣಕೈ ಹಿಡಿದು ಪಕ್ಕದ ಮನೆಗೆ ಕರೆದೊಯ್ದಳು, ಬಾಗಿಲು ತಟ್ಟದೆ ತೆರೆದಳು.

ಲ್ಯೂಕ್ ಬೆಂಕಿಯ ಮುಂದೆ ಕಾಲ್ಚೀಲ ಒಣಗಿಸುತ್ತಿದ್ದ. ತಿರುಗಿ, "ಅಮ್ಮಾ?" ಎಂದ.

ಮುದುಕಿ ಕಿರುಚಲಿಲ್ಲ. ಹತ್ತಿರ ಹೋಗಿ ಮಗನ ಕಿವಿ, ಗದ್ದ, ಹುಬ್ಬು ಒಂದೊಂದಾಗಿ ಮುಟ್ಟಿ ನೋಡಿದಳು. ಆಮೇಲೆ ಕೈಯಲ್ಲಿದ್ದ ಜಪಸರದಿಂದಲೇ ಅವನ ತಲೆಗೆ ಬಾರಿಸಿದಳು. "ಕತ್ತೆ. ಹೆತ್ತ ಕರುಳು ಅನ್ನೋದು ಗೊತ್ತಾಗಲ್ವೇನೋ ನಿಂಗೆ?" ಎಂದು ಹೊಡೆಯುತ್ತಲೇ ಅವನ ಎದೆಗೊರಗಿ ಬಿಕ್ಕಿದಳು. ಬಿಕ್ಕಿನ ನಡುವೆ ನಕ್ಕಳು. ನ್ಯಾನ್ ಕೂಡ ಅಳುತ್ತ ನಗುತ್ತಿದ್ದಳು.

ಬಾಗಿಲಲ್ಲಿ ನಿಂತ ಡೀಲಿಯಾ ನೋಡುತ್ತಿದ್ದಳು. ಸತ್ತವನು ಮರಳಿ ಬಂದರೆ ಹೀಗಿರುತ್ತದೆ. ಹೀಗೇ ಇರುತ್ತದೆ ಎಂದು ತಿಂಗಳಿಡೀ ತಾನು ಕಲ್ಪಿಸಿಕೊಂಡಿದ್ದು ಇದನ್ನೇ. ಅದು ಈಗ ನಡೆದುಹೋಯಿತು, ಪಕ್ಕದ ಮನೆಯಲ್ಲಿ, ಪಕ್ಕದ ಮನೆಯವರಿಗೆ.

"ಲ್ಯೂಕ್, ಕಾಲ್ಚೀಲ ಹಾಕ್ಕೋ" ಎಂದಳು. "ಕಚೇರಿ ನಾಲ್ಕು ಗಂಟೆಗೆ ಮುಚ್ಚತ್ತೆ."

ಕಚೇರಿಯ ಗುಮಾಸ್ತ ಪಟ್ಟಿಯನ್ನೊಮ್ಮೆ, ಮುಂದೆ ನಿಂತ ಸತ್ತವನನ್ನೊಮ್ಮೆ ನೋಡಿದ. ಬೈದ, ಕೇಸಾಗುತ್ತದೆ ಎಂದ, ಮೇಲಿನವರಿಗೆ ಬರೆಯಬೇಕು ಎಂದ. ಕೊನೆಗೆ ಪೆನ್ನು ಅದ್ದಿ, "ಹಾಗಾದ್ರೆ ಸತ್ತೋರು ಯಾರು?" ಎಂದು ಕೇಳಿದ.

ಲ್ಯೂಕ್ ಬಾಯಿ ತೆರೆದ. ಡೀಲಿಯಾ ಅವನ ತೋಳು ಹಿಡಿದು ತಡೆದಳು. ಹೇಳಬೇಕಾದವಳು ತಾನು.

"ಕ್ರಿಸ್ಟೋಫರ್ ಟಾಲನ್" ಎಂದಳು. "ಮೂವತ್ತೆಂಟು ವರ್ಷ. ಬಲಗೈ ಮೇಲೆ ಸುಟ್ಟ ಕಲೆ. ಮೂರು ಮಕ್ಕಳು." ಗುಮಾಸ್ತ ಬರೆಯುವವರೆಗೂ ಕಾದಳು. ಅವನು 'ಟಾಲನ್' ಬರೆಯುವಾಗ ತಪ್ಪಿದ. ಅವಳು ತಿದ್ದಿಸಿದಳು.

ಮನೆಗೆ ಬಂದಾಗ ಬೀದಿಯ ಹೆಂಗಸರು ಅವಳ ಬಾಗಿಲ ಹೊರಗೇ ನಿಂತಿದ್ದರು, ಒಳಗೆ ಹೋಗಲು ಧೈರ್ಯವಿಲ್ಲದೆ. ಡೀಲಿಯಾ ಬಾಗಿಲು ಪೂರ್ತಿ ತೆರೆದು ಪಕ್ಕಕ್ಕೆ ಸರಿದಳು. ಸಾವಿನ ಮನೆಯ ರೂಢಿಯಂತೆ ಒಬ್ಬಳು ಗಡಿಯಾರ ನಿಲ್ಲಿಸಿದಳು, ಒಬ್ಬಳು ಕನ್ನಡಿಗೆ ಬಟ್ಟೆ ಮುಚ್ಚಿದಳು. ಮಲಗಿಸಲು ಹೆಣವಿಲ್ಲದ ಹಾಸಿಗೆಯ ಮುಂದೆ ಏನು ಮಾಡಬೇಕೆಂದು ಯಾರಿಗೂ ತೋಚಲಿಲ್ಲ.

ಲ್ಯೂಕನ ತಾಯಿ ಎಲ್ಲರನ್ನೂ ಸರಿಸಿಕೊಂಡು ಬಂದು, ಹಾಸಿಗೆಯ ತಲೆದಿಂಬಿನ ಪಕ್ಕದ ಕುರ್ಚಿಯಲ್ಲಿ ಕೂತಳು.

"ನಾನು ಅಷ್ಟು ದೂರದಿಂದ ಬಂದಿದ್ದೇ ಅಳೋಕೆ ಮಗಳೇ" ಎಂದಳು. "ದಾರಿಯುದ್ದಕ್ಕೂ ಬದುಕಿರೋನಿಗೆ ಅತ್ತೆ. ನಿನ್ ಗಂಡನ ಬಗ್ಗೆ ಹೇಳು. ಹೇಗಿದ್ದ?"

ಡೀಲಿಯಾ ಹಾಸಿಗೆಯ ಅಂಚಿನಲ್ಲಿ ಕೂತು, ಮೊದಲ ಸಲ 'ಇದ್ರು' ಎಂದು ಶುರು ಮಾಡಿದಳು.