ನೀಲಿ ಪುಸ್ತಕ, ಕೆಂಪು ಪುಸ್ತಕ

ಸರ್ಕಾರದ ಸಂಶೋಧನಾ ಕೇಂದ್ರವೂ ಒಂದು ಕಂಪನಿಯೂ ಸೇರಿ ಕಾಳು ಒಣಗಿಸುವ ಯಂತ್ರ ಮಾಡಲು ಹೊರಟು ಮೂರು ವರ್ಷವಾಗಿತ್ತು. ಯಂತ್ರ ನೋಡಿಕೊಳ್ಳುತ್ತಿದ್ದವನು ಮೇಸ್ತ್ರಿ. ಬೆಳಿಗ್ಗೆ ಆರಕ್ಕೆ ಅದನ್ನು ನಿಲ್ಲಿಸಿ, ಕಾಳಿನ ತೇವ ಅಳೆದು ಕಂಪನಿಯ ನೀಲಿ ಪುಸ್ತಕದಲ್ಲಿ ಬರೆಯುವನು. ಹತ್ತಕ್ಕೆ ಕಚೇರಿ ತೆರೆದ ಮೇಲೆ ಮತ್ತೆ ಅಳೆದು ಸರ್ಕಾರದ ಕೆಂಪು ಪುಸ್ತಕದಲ್ಲಿ ಬರೆಯುವನು. ಒಬ್ಬರ ಪುಸ್ತಕ ಇನ್ನೊಬ್ಬರಿಗೆ ತೋರಿಸಕೂಡದೆಂದು ಎರಡೂ ಕಡೆಯವರು ಅವನಿಂದ ಸಹಿ ಹಾಕಿಸಿಕೊಂಡಿದ್ದರು.

"ಒಂದೇ ಕಾಳಿನ ಬಗ್ಗೆ ಇವರ ಹತ್ರ ಒಂದು, ಅವರ ಹತ್ರ ಒಂದು. ಚಾಡಿಕೋರರ ಕೆಲಸ ನಿಮ್ಮದು," ಎಂದು ಹೆಂಡತಿ ಆಡಿಕೊಳ್ಳುತ್ತಿದ್ದಳು.

ನೀಲಿಯಲ್ಲಿ ತೇವ ಶೇಕಡಾ ಹನ್ನೆರಡು, ಕೆಂಪಿನಲ್ಲಿ ಹದಿನಾಲ್ಕು. ಎರಡರಲ್ಲೂ ಹನ್ನೆರಡು ಬಂದರೆ ಮಾತ್ರ ಯಂತ್ರ ಪಾಸು. ನಡುವಿನ ನಾಲ್ಕು ತಾಸಿನಲ್ಲಿ, ಮುಚ್ಚಳವಿಲ್ಲದ ತೊಟ್ಟಿಯೊಳಗೆ ಕಾಳು ಮಂಜು ಕುಡಿಯುತ್ತಿತ್ತು. ಮೇಸ್ತ್ರಿಗೆ ಇದು ಮೊದಲ ಚಳಿಗಾಲದಲ್ಲೇ ಗೊತ್ತಾಗಿತ್ತು. ಅವನನ್ನು ಕೇಳಿದವರಿಲ್ಲ. ತಾನಾಗಿ ಹೇಳಿದರೆ ಕೆಲಸಕ್ಕೇ ಸಂಚಕಾರ.

ಇಂದು ಕೊನೆಯ ಸಭೆ. ಯಂತ್ರವನ್ನು ಗುಜರಿಗೆ ಹಾಕುವ ಕಾಗದ ಮೇಜಿನ ಮೇಲಿತ್ತು.

"ನಿಮ್ಮ ಪುಸ್ತಕವೇ ತಪ್ಪು," ಎಂದರು ಕಂಪನಿಯ ಎಂಜಿನಿಯರ್.

"ನಿಮ್ಮದು ಬರೀ ಸುಳ್ಳು," ಎಂದರು ಕೇಂದ್ರದ ನಿರ್ದೇಶಕರು.

ಎರಡನ್ನೂ ಬರೆದ ಕೈ ಅಲ್ಲೇ ನೀರಿನ ಲೋಟ ಇಡುತ್ತಿತ್ತು. ಮೇಸ್ತ್ರಿಗೆ ಅಕ್ಕನ ನೆನಪಾಯಿತು. ಪ್ರತಿ ವರ್ಷ ಅವಳ ಕಾಳಿಗೆ ಬೂಷ್ಟು ಹಿಡಿಯುತ್ತಿತ್ತು. ಈ ಸಲ ಎರಡು ಮೂಟೆ ಇದೇ ಯಂತ್ರದಲ್ಲಿ ಒಣಗಿ, ಬಾಯಿ ಕಟ್ಟಿಟ್ಟ ಚೀಲದಲ್ಲಿ ಇನ್ನೂ ಗಲಗಲ ಎನ್ನುತ್ತಿದ್ದವು.

ಅವನು ಲೋಟ ಸರಿಸಿ ಎರಡು ಪುಸ್ತಕಗಳನ್ನೂ ಪಕ್ಕಪಕ್ಕ ಬಿಚ್ಚಿಟ್ಟ.

"ಆರಕ್ಕೆ ಒಣಗಿರುತ್ತೆ ಸಾರ್. ಹತ್ತರ ಹೊತ್ತಿಗೆ ಮಂಜು ಕುಡಿದಿರುತ್ತೆ. ಒಂದು ಮುಚ್ಚಳ ಹಾಕಿದ್ರೆ ಸಾಕು."

ನಿರ್ದೇಶಕರು, "ಮೂರು ವರ್ಷ ಬಾಯಲ್ಲಿ ಏನಿಟ್ಕೊಂಡಿದ್ದೆಯಪ್ಪಾ?" ಎಂದರು.

"ನೀವೇ ಸಹಿ ಹಾಕಿಸ್ಕೊಂಡಿದ್ರಲ್ಲ ಸಾರ್."

ಎಂಜಿನಿಯರ್ ಪುಟ ತಿರುವುತ್ತಲೇ ಹೋದರು. ಕೊನೆಗೆ ಗುಜರಿಯ ಕಾಗದ ಹರಿದರು. ಯಂತ್ರಕ್ಕೆ ಇನ್ನೊಂದು ಚಳಿಗಾಲ ಸಿಕ್ಕಿತು. ಎರಡೂ ಕಡೆಯ ತಜ್ಞರು ಜಂಟಿಯಾಗಿ ಪರಿಶೀಲಿಸಿ ದೋಷ ಪತ್ತೆಹಚ್ಚಿದರೆಂದು ಸಭೆಯ ವರದಿಯಲ್ಲಿ ಬರೆದುಕೊಂಡರು. ಗುಟ್ಟು ಬಿಟ್ಟುಕೊಟ್ಟದ್ದಕ್ಕೆ ಮೇಸ್ತ್ರಿ ಇಬ್ಬರಿಗೂ ಬೇರೆಬೇರೆ ವಿವರಣೆ ಬರೆದುಕೊಡಬೇಕೆಂದೂ ಆಯಿತು.

ಮನೆಗೆ ಬಂದು ಚಪ್ಪಲಿ ಬಿಡುತ್ತಾ, "ಉಳೀತು ಕಣೇ," ಎಂದ.

"ಏನು, ಕೆಲಸವಾ?"

"ಯಂತ್ರ." ಗೋಡೆಗೆ ಒರಗಿ ಕೂತ. "ಕೆಲಸದ್ದು ಇನ್ನೂ ಗೊತ್ತಿಲ್ಲ. ಎರಡು ಹಾಳೆ ಇದ್ರೆ ಕೊಡು."