ಕುಳಿಗಳ ಸಮೇತ

ಹುಡುಗಿಯ ಕೆನ್ನೆ ನುಣ್ಣಗಿರಬೇಕು, ಚಿತ್ರಗಾರನಿಗೆ ನಮ್ಮ ದೊರೆ ಯೋಬ್ಸ್ಟ್ ಹೇಳಿದ್ದು ಇದೊಂದೇ ಮಾತು. ಚಕ್ರವರ್ತಿಯ ಮನೆಯವರು ಮಗನಿಗೆ ಹೆಣ್ಣು ಹುಡುಕುತ್ತಿದ್ದರು. ಹಾರ್ಜ್ ಬೆಟ್ಟದ ಬುಡದ ನಮ್ಮ ಪುಟ್ಟ ಸಂಸ್ಥಾನದಿಂದಲೂ ಚಿತ್ರ ಕೇಳಿದ್ದರು. ನಾನು ಎತ್ತಿ ಆಡಿಸಿ ಬೆಳೆಸಿದ ಫ್ರಿಡೆರಿಕಾಳಿಗೋ ಚಿಕ್ಕವಳಿದ್ದಾಗ ಸಿಡುಬು ಎದ್ದು, ಎರಡೂ ಕೆನ್ನೆಯಲ್ಲಿ ಕುಳಿಗಳು ಉಳಿದಿದ್ದವು.

ಅವಳ ತಾಯಿ, ನಮ್ಮ ದೊರೆಸಾನಿ ಹೆಡ್ವಿಗ್, ಅರ್ಧ ಮುಗಿದ ಚಿತ್ರ ನೋಡಿದವಳೇ ಕುರ್ಚಿ ಎಳೆದುಕೊಂಡು ಚಿತ್ರಗಾರನ ಮಗ್ಗುಲಲ್ಲೇ ಕೂತಳು. ಕುಳಿಗಳನ್ನೂ ಬರೆ ಅಂದಳು. ಅವನು ದೊರೆಯ ಅಪ್ಪಣೆ ಅಂತ ತೊದಲಿದ. ಹಾಗಾದರೆ ತಾನೂ ಇಲ್ಲಿಂದ ಏಳುವುದಿಲ್ಲ ಅಂದಳು. ಏಳಲೂ ಇಲ್ಲ. ಊಟವನ್ನೂ ಅಲ್ಲಿಗೇ ತರಿಸಿಕೊಂಡು ತಿಂದಳು. ಅವಳು ಸಾಸೇಜು ಕಚ್ಚಿದಾಗಲೆಲ್ಲ ಆ ಬಡಪಾಯಿ ಕುಂಚವನ್ನು ಬಣ್ಣಕ್ಕೆ ಅದ್ದಿ ಮತ್ತೆ ಒರೆಸುತ್ತಿದ್ದ.

ಸುದ್ದಿ ಕೇಳಿ ದೊರೆ ಕಿಡಿಕಿಡಿಯಾಗಿ ಬಂದ.

"ನಿಂಗೇನು ತಲೆ ಕೆಟ್ಟಿದ್ಯಾ? ಇಂಥ ಸಂಬಂಧ ಇನ್ನೊಂದ್ಸಲ ಬರುತ್ತಾ?"

"ಬರಲ್ಲ. ಅದಕ್ಕೇ ಹೇಳ್ತಿರೋದು. ನಮ್ಮಕ್ಕನ್ನ ಹೀಗೇ ನುಣ್ಣಗೆ ಬರೆಸಿ ಕಳ್ಸಿದ್ರು. ಅಲ್ಲಿ ಮುಸುಕು ತೆಗೆದು ನೋಡಿದೋರು ಅದೇ ಗಾಡೀಲಿ ವಾಪಸ್ ಕಳ್ಸಿದ್ರು. ಸಾಯೋವರೆಗೂ ಅವಳು ಕೋಣೆ ಬಿಟ್ಟು ಬರ್ಲಿಲ್ಲ. ನನ್ನ ಮಗಳು ಹೋದ್ರೆ ಅವಳ ಮುಖ ಇಟ್ಕೊಂಡೇ ಹೋಗ್ತಾಳೆ. ಇಲ್ಲಾಂದ್ರೆ ಇಲ್ಲೇ ಇರ್ತಾಳೆ."

ದೊರೆ ಅವಳ ಜೊತೆ ಮಾತು ಬಿಟ್ಟ. ಅವಳಿಗೆ ಅದೊಂದು ಲೆಕ್ಕವೇ! ಚಿತ್ರ ಹೋಯಿತು, ಕುಳಿಗಳ ಸಮೇತ. ಸುತ್ತಲಿನ ಸಂಸ್ಥಾನಗಳ ಹೆಂಗಸರು ಹೆತ್ತ ತಾಯಿಯೇ ಮಗಳ ಬಾಳಿಗೆ ಮಣ್ಣು ಹಾಕಿದಳು ಎಂದು ಆಡಿಕೊಂಡರು. ಸುಳ್ಳೇಕೆ ಹೇಳಲಿ, ನಾನೂ ಅಡುಗೆಮನೆಯಲ್ಲಿ ಅದನ್ನೇ ಗೊಣಗಿದೆ.

ಹಿಮ ಕರಗುವ ಹೊತ್ತಿಗೆ ರಾಯಭಾರಿಯೇ ಬಂದಿಳಿದ. ಚಕ್ರವರ್ತಿಯ ಮನೆಯ ಇಬ್ಬರು ಸೊಸೆಯರು ಒಬ್ಬರ ಹಿಂದೊಬ್ಬರು ಸಿಡುಬಿಗೇ ಬಲಿಯಾಗಿದ್ದರಂತೆ. ಒಮ್ಮೆ ಎದ್ದವರಿಗೆ ಅದು ಮತ್ತೆ ಬರುವುದಿಲ್ಲವಲ್ಲ. ಬಂದ ನುಣುಪು ಚಿತ್ರಗಳನ್ನೆಲ್ಲ ಬದಿಗೆ ತಳ್ಳಿ, ಈ ಹುಡುಗಿಯೇ ಬೇಕು ಅಂದಿದ್ದರಂತೆ. ಕುಳಿ ಬರೆಸಿದ್ದೇ ತಾನು ಎನ್ನುವ ಹಾಗೆ ನಮ್ಮ ದೊರೆ ಎದೆ ಉಬ್ಬಿಸಿದ. ನನಗೆ ಮೈ ಉರಿದುಹೋಯಿತು.

ರಾಯಭಾರಿ ಒಂದು ಷರತ್ತನ್ನೂ ತಂದಿದ್ದ. ಸಿಡುಬು ಎದ್ದು ವಾಸಿಯಾದವರು ಮಾತ್ರ ಮದುಮಗಳ ಜೊತೆ ಬರಬಹುದು, ಆಮೇಲೆ ಅವಳನ್ನು ಕಾಣಬಹುದು. ಉಳಿದವರು ಯಾರೇ ಆಗಲಿ ಅರಮನೆಯ ಬಾಗಿಲು ದಾಟುವಂತಿಲ್ಲ.

ದೊರೆಸಾನಿಗೆ ಸಿಡುಬು ಎದ್ದಿರಲೇ ಇಲ್ಲ, ಮುಖದಲ್ಲಿ ಒಂದು ಚುಕ್ಕೆಯೂ ಇರಲಿಲ್ಲ. ಅವಳು ಬಾಯಿ ತೆರೆದಳು. ಜಗಳ ಆಡುತ್ತಾಳೆ ಎಂದುಕೊಂಡೆ. ಆದರೆ ಈಗ ಹಟ ಹಿಡಿದರೆ ಮಗಳ ಸಂಬಂಧವೇ ಮುರಿಯುತ್ತದೆಂದು ಅವಳಿಗೆ ಗೊತ್ತಿತ್ತು. ನನ್ನ ಕಡೆ ತಿರುಗಿದಳು.

"ಊರ್ಸುಲಾ, ನಿನಗೆ ಆಗಿತ್ತಲ್ವಾ?"

"ಆಗಿತ್ತು, ದೊರೆಸಾನಿ. ಬೆನ್ನ ತುಂಬಾ ಕಲೆ ಇದೆ. ಆದ್ರೆ ಈ ವಯಸ್ಸಲ್ಲಿ ನಾನೆಲ್ಲಿ..."

"ಗಂಟು ಕಟ್ಕೋ."

ಹೊರಡುವ ದಿನ ಮಗಳು ತಾಯಿಯ ಸೆರಗಿನಂಥ ಉದ್ದನೆ ಶಾಲು ಬಿಡಲೊಲ್ಲಳು, ನೀನೂ ಬಾ ಅಮ್ಮಾ ಎಂದು ಒಂದೇ ಸಮನೆ ಅಳುತ್ತಿದ್ದಳು. ದೊರೆಸಾನಿ ಅವಳ ಬೆರಳುಗಳನ್ನು ಒಂದೊಂದಾಗಿ ಬಿಡಿಸಿದಳು.

"ಅಲ್ಲಿ ಯಾರಾದ್ರೂ ಮುಖಕ್ಕೆ ಪುಡಿ ಬಳ್ಕೋ ಅಂದ್ರೆ ಒಪ್ಕೋಬೇಡ," ಎಂದಳು. ಆಮೇಲೆ ನನ್ನನ್ನು ಗಾಡಿಗೆ ಹತ್ತಿಸಿ, ತಾನು ಕೂರಬೇಕಾಗಿದ್ದ ಜಾಗದಲ್ಲಿ ಕೂರಿಸಿ, ಬಾಗಿಲನ್ನು ತಾನೇ ಮುಚ್ಚಿದಳು.