ಗಾಜಿನ ಗೌರಿ

ಸಾವಿತ್ರಿಬಾಯಿಯ ತವರಿನಿಂದ ಬಂದಿದ್ದ ಗೌರಿಯ ಗಾಜಿನ ಚಿತ್ರ ಗೋಡೆಯಿಂದ ಬಿದ್ದು ಒಡೆದದ್ದು ೧೯೮೧ರ ಶ್ರಾವಣದಲ್ಲಿ. ಹಬ್ಬಕ್ಕೆ ಮೂರೇ ವಾರ. ಇಂಥವನ್ನು ಬರೆಯುವವರು ಪುಣೆಯಲ್ಲಿ ಈಗ ಯಾರಿದ್ದಾರೆ, ಅಚ್ಚಿನ ಪಟ ಒಯ್ಯಿರಿ ಎಂದನಂತೆ ಪೇಟೆಯಲ್ಲಿ ಪಟಗಳಿಗೆ ಕಟ್ಟು ಹಾಕುವವನು. ಆಕೆ ಚೂರುಗಳನ್ನು ಬಟ್ಟೆಯಲ್ಲಿ ಕಟ್ಟಿಕೊಂಡು ಬಂದು, ಪುಣೆಯದೇ ಖಡಕಿಯ ಸಾಲುಮನೆಗಳ ಚಾಳಿನಲ್ಲಿ ಪಕ್ಕದ ಮನೆಯ ಭೀಮವ್ವನ ಮುಂದೆ ಕುಳಿತು ಅತ್ತುಬಿಟ್ಟಳು.

ಭೀಮವ್ವನ ಅಪ್ಪ ಕನ್ನಡ ಸೀಮೆಯ ತಮ್ಮ ಊರಲ್ಲಿ ಗಾಜಿನ ಮೇಲೆ ದೇವರನ್ನು ಬರೆಯುತ್ತಿದ್ದವನು. ಅವಳು ತನ್ನ ಹರಕು ಮರಾಠಿಯಲ್ಲಿ, ಚೂರುಗಳನ್ನು ಇಲ್ಲೇ ಬಿಟ್ಟು ಹೋಗು ಎಂದಳು.

ಕಾರ್ಖಾನೆಯಲ್ಲಿ ಪೆಟ್ಟಿಗೆಗಳ ಮೇಲೆ ನಂಬರು ಬರೆಯುವ ಮಗ ಈರಬಸಪ್ಪ ಸಂಜೆ ಬಂದವನೇ ಗಾಬರಿಯಾದ. "ಯವ್ವಾ, ನೀ ಕುಂಚ ಬಿಟ್ಟು ನಲವತ್ತು ವರ್ಷ ಆತು. ಕೈ ನೋಡು, ಹೆಂಗ ನಡಗತಾವ!"

"ಕೈ ಕಾಶವ್ವಂದು. ನೆನಪು ನಂದು."

ಸೊಸೆ ಕಾಶವ್ವ ರಂಗೋಲಿ ಹಾಕಿದರೆ ಚಾಳೇ ನಿಂತು ನೋಡುತ್ತಿತ್ತು. ಹುರುಪಿನಲ್ಲಿ ಅವಳು ಅತ್ತೆ ಸಂತೆಯಿಂದ ಬರುವಷ್ಟರಲ್ಲೇ ಹೊಸ ಗಾಜಿಗೆ ಮುಖ ಬಳಿದು, ಮೇಲೆ ಕಣ್ಣು ಬರೆದಳು. ಗಾಜು ತಿರುಗಿಸಿ ನೋಡಿದರೆ ಬರೀ ಗುಲಾಬಿ ಉಂಡೆ. ಕಣ್ಣು ಬಣ್ಣದ ಹಿಂದೆ ಅಡಗಿತ್ತು.

ಸಂತೆಯಿಂದ ಬಂದ ಭೀಮವ್ವ ಕಣ್ಣೀರು ಬರುವ ತನಕ ನಕ್ಕಳು. "ಗಾಜಿನ ಬೆನ್ನಿಗೆ ಬರೀಬೇಕು, ಈ ಕಡಿಂದ ನೋಡಬೇಕು. ಮೊದಲ ಬರದದ್ದು ಮುಂದ ಕಾಣತೈತಿ. ಮೊದಲ ಕಣ್ಣು, ನತ್ತು, ಕುಂಕುಮ. ಆಮ್ಯಾಲೆ ಮುಖ. ಹಿಂದಿನ ಹಸಿರು ಕಡೀಕ."

"ನಿಮಗ ಯಾರು ಕಲಿಸಿದ್ರು, ಅತ್ತಿ?"

"ಯಾರೂ ಇಲ್ಲ. ಹೆಣ್ಣುಹುಡುಗಿ ಅಂತ ಅಪ್ಪ ಹಿಂದಿನ ಹಸಿರು ಬಳಿಯಾಕಷ್ಟ ಬಿಡ್ತಿದ್ದ. ಚಿತ್ರ ಮುಚ್ಚೋದು ನನ್ನ ಕೆಲಸ. ಮುಚ್ಚೂಕಿಂತ ಮೊದಲ ಕಣ್ತುಂಬ ನೋಡ್ತಿದ್ದೆ."

ಬ್ಲೇಡಿನಿಂದ ಬಣ್ಣ ಕೆರೆದು ಮತ್ತೆ ಶುರುಮಾಡಿದರು. ಈರಬಸಪ್ಪ ಗೊಣಗುತ್ತಲೇ ಪೇಟೆಯಿಂದ ಸಣ್ಣ ಕುಂಚ ತಂದುಕೊಟ್ಟ. ಒಡೆದ ಚೂರುಗಳನ್ನು ಜೋಡಿಸಿಟ್ಟು ನೋಡುತ್ತ ಕಾಶವ್ವ ಒಂದೊಂದೇ ಮುತ್ತು ಬರೆದಳು. ಭೀಮವ್ವ ಪಕ್ಕದಲ್ಲಿ ಕುಳಿತು ಸರದಿ ಹೇಳಿದಳು. ಕೊನೆಯ ಹಸಿರನ್ನು ಮಾತ್ರ ಯಾರಿಗೂ ಬಿಡದೆ ತಾನೇ ಬಳಿದಳು.

ತುಟಿಯ ಚೂರು ಸಿಕ್ಕಿರಲಿಲ್ಲ. ಕಾಶವ್ವ ಅಂದಾಜಿನಲ್ಲಿ ಎಳೆದ ಗೆರೆ ತುಸು ಮೇಲಕ್ಕೆ ಹೋಗಿತ್ತು. ಸಾವಿತ್ರಿಬಾಯಿ ಚಿತ್ರವನ್ನು ಬೆಳಕಿಗೆ ಹಿಡಿದು ಆ ತುಟಿಯನ್ನೇ ನೋಡಿದಳು.

"ಅಗಬಾಯಿ! ಆಮಚೀ ಗೌರ ಹಸಲೀ!" ಎಂದಳು ಸಾವಿತ್ರಿಬಾಯಿ. ನಮ್ಮ ಗೌರಿ ನಕ್ಕುಬಿಟ್ಟಳಲ್ಲ ಎಂದು ಚಿತ್ರವನ್ನು ಎದೆಗವಚಿಕೊಂಡಳು.

ಅರಿಶಿನ ಕುಂಕುಮಕ್ಕೆ ಬಂದ ಹೆಂಗಸರೆಲ್ಲ ಆ ಗೌರಿಯನ್ನು ನೋಡಿದರು. ಕೆಲವರು ತಮಗೊಂದು ಬೇಕೆಂದರು, ಕೆಲವರು ತಮಗೂ ಕಲಿಸಿ ಎಂದರು. ಮರುವರ್ಷದ ಹೊತ್ತಿಗೆ ಮಧ್ಯಾಹ್ನವಾದರೆ ಚಾಳಿನ ಪಡಸಾಲೆಯಲ್ಲಿ ಆರು ಮಂದಿ ಗಾಜು ಹಿಡಿದು ಕೂರುತ್ತಿದ್ದರು. ಗೆರೆ ತಪ್ಪಿದವರಿಗೆ ಬಾಯಿ ಮಾಡುವುದರಲ್ಲಿ ಭೀಮವ್ವ ಥೇಟ್ ತನ್ನಪ್ಪನೇ ಆಗಿದ್ದಳು.

ಒಂದು ದಿನ ಕಾಶವ್ವ ಕುಂಚವನ್ನು ಅವಳ ಕೈಗಿಟ್ಟು, "ಕಣ್ಣು ನೀವ ಬರೀರಿ, ಅತ್ತಿ," ಎಂದಳು. ಭೀಮವ್ವ ಬೇಡವೆಂದಳು, ಆಮೇಲೆ ಉಸಿರು ಬಿಗಿಹಿಡಿದು ಬರೆದಳು. ಕಣ್ಣು ದುಂಡಗೆ, ಓರೆಯಾಗಿ ಬಂತು. ಒರೆಸಲು ಹೋದವಳ ಕೈ ತಡೆದು ಕಾಶವ್ವ ಅದರ ಸುತ್ತ ಒಂದು ಗಿಳಿಯನ್ನು ಬರೆದಳು.

ದೌಂಡ ಜಂಕ್ಷನ್ನಿನಿಂದ ಚಿತ್ರ ಕೊಳ್ಳಲು ಬಂದ ಕನ್ನಡದ ಹೆಂಗಸೊಬ್ಬಳು, ರೈಲ್ವೆ ಗಾರ್ಡಿನ ಹೆಂಡತಿ, ದೇವರುಗಳನ್ನೆಲ್ಲ ಬಿಟ್ಟು ಆ ಗಿಳಿಯನ್ನೇ ಮೊದಲು ಎತ್ತಿಕೊಂಡಳು. "ಎಷ್ಟು ತುಂಟ ನೋಟ ಅದ ನೋಡ್ರಿ ಇದರದು!"